ನಿಂತರೆ ಒಂದು ಮಾರು

ನಮ್ಮೂರಿನ ಬೀದಿಯಲ್ಲಿ ಯಾರೂ ನಿಲ್ಲುವುದಿಲ್ಲ. ನಿಂತರೆ ಬೀದಿ ಬೆಳೆಯುತ್ತದೆ. ಎರಡು ಸಲ ಉಸಿರೆಳೆದು ಬಿಡುವಷ್ಟು ಹೊತ್ತು ಒಂದೇ ಕಡೆ ಕಾಲೂರಿದರೆ ಸಾಕು, ನಿಂತ ಜಾಗದಲ್ಲಿ ಬೀದಿ ಒಂದು ಮಾರು ಉದ್ದವಾಗುತ್ತದೆ, ಅಕ್ಕಪಕ್ಕದ ಮನೆಗಳು ಅಷ್ಟು ದೂರ ಸರಿದುಕೊಳ್ಳುತ್ತವೆ. ಎಷ್ಟು ಹೊತ್ತು ನಿಂತರೂ ಒಂದು ಸಲಕ್ಕೆ ಒಂದೇ ಮಾರು. ಹಾಗೆ ಬೆಳೆದದ್ದು ಮತ್ತೆ ಕುಗ್ಗಿದ್ದನ್ನು ಕಂಡವರಿಲ್ಲ. ಚಕ್ರದ ಮೇಲೆ ಕೂತವರನ್ನು ಬೀದಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಾಯಿ ದನಗಳನ್ನೂ ಇಲ್ಲ. ಅದಕ್ಕೆ ಬೇಕಾದದ್ದು ಮನುಷ್ಯರ ಕಾಲು. ಹಾಗಾಗಿ ನಾವು ನಡೆಯುತ್ತಲೇ ಕಷ್ಟಸುಖ ಹೇಳಿಕೊಳ್ಳುತ್ತೇವೆ, ನಡೆಯುತ್ತಲೇ ಜಗಳವಾಡುತ್ತೇವೆ. ಸೊಪ್ಪಿನವಳು ಬುಟ್ಟಿ ಹೊತ್ತು ನಡೆಯುತ್ತಿರುತ್ತಾಳೆ, ಕೊಳ್ಳುವವಳು ಅವಳ ಪಕ್ಕದಲ್ಲಿ ಹೆಜ್ಜೆ ಹಾಕುತ್ತ ಕಂತೆ ಆರಿಸುತ್ತಾಳೆ. ಹೆಣ ಹೊತ್ತವರು ಕೂಡ ಹೆಗಲು ಬದಲಿಸಲು ನಿಲ್ಲುವುದಿಲ್ಲ. 'ನಿಲ್ಲು' ಎಂದು ಬೀದಿಯಲ್ಲಿ ಯಾರಿಗಾದರೂ ಹೇಳಿದರೆ ಬೈದ ಹಾಗೆ. ನಾನು ಹುಟ್ಟಿದ್ದೂ ಇದೇ ಊರಲ್ಲಿ, ಮದುವೆಯಾಗಿ ಸೇರಿದ್ದೂ ಇದೇ ಊರಿನ ಮನೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಮಾಡಿದ ಎಡವಟ್ಟನ್ನು ಬೇರೆ ಊರಿನಲ್ಲಿ ಹುಟ್ಟಿದ ಯಾರೂ ಮಾಡುತ್ತಿರಲಿಲ್ಲ.

ನನ್ನ ಕೆಲಸ ಇಲ್ಲಿನ ಆಸ್ಪತ್ರೆಯಲ್ಲಿ, ಕಂಪ್ಯೂಟರ್ ಮುಂದೆ. ಮೂರು ವರ್ಷದ ಹಿಂದೆ ಹೊರಗಿನಿಂದ ಶಕೀಲಾ ಬಾನು ಎಂಬ ಡಾಕ್ಟರ್ ಬಂದರು, ರಕ್ತನಾಳದ ಕಾಯಿಲೆ ನೋಡುವವರು. ಬಂದ ಹೊಸದರಲ್ಲೇ ಅವರಿಗೆ ಆಶ್ಚರ್ಯವಾಯಿತಂತೆ, ಇಷ್ಟು ಸಣ್ಣ ಊರಿನಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡವರು ಇಷ್ಟೊಂದು ಜನವೇ ಎಂದು. ಈ ಕಾಯಿಲೆಯವರು ಸ್ವಲ್ಪ ದೂರ ನಡೆದರೆ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆಯ ಹಾಗೆ ಹಿಂಡಿದಂತಾಗುತ್ತದೆ. ನಿಂತರೆ ಎರಡು ಮೂರು ನಿಮಿಷದಲ್ಲಿ ನೋವು ಇಳಿಯುತ್ತದೆ. ಇದಕ್ಕೆ ಗುಳಿಗೆಗಿಂತ ದೊಡ್ಡ ಮದ್ದು ನಡಿಗೆಯೇ ಎನ್ನುತ್ತಿದ್ದರು ಡಾಕ್ಟರ್. ನೋವು ಬರುವವರೆಗೂ ನಡೆಯಬೇಕು, ಬಂದಾಗ ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ಹಾಗೆ ತಿಂಗಳುಗಟ್ಟಲೆ ಮಾಡಿದರೆ ಕಾಲು ತಾನೇ ಸಣ್ಣಪುಟ್ಟ ಹೊಸ ದಾರಿ ಮಾಡಿಕೊಂಡು ರಕ್ತ ತರಿಸಿಕೊಳ್ಳುತ್ತದಂತೆ. ಆದರೆ ನೋವು ಬರಬೇಕು, ಅದು ಬಾರದೆ ಎಷ್ಟು ನಡೆದರೂ ಅಷ್ಟೇ. ಜನರನ್ನು ಹುರಿದುಂಬಿಸಿ ನಡೆಸುವಂಥ ಒಂದು ಮೊಬೈಲ್ ಆ್ಯಪ್ ಮಾಡಿಕೊಡು ಎಂದು ಅವರು ನನ್ನನ್ನು ಕೇಳಿದರು. ನಾನು ಹೂಂ ಎಂದೆ.

ಹೂಂ ಎನ್ನಲು ನನಗೆ ಬೇರೆಯ ಕಾರಣವೂ ಇತ್ತು. ನನ್ನ ಅತ್ತೆ ಚೆನ್ನಾಜಮ್ಮನವರ ಎಡಗಾಲು ಆ ಪಟ್ಟಿಯಲ್ಲಿತ್ತು. ಎಂಬತ್ತು ಹೆಜ್ಜೆಗೆ ಅವರಿಗೆ ನೋವು ಶುರುವಾಗುತ್ತಿತ್ತು, ಕಿರುಬೆರಳು ಆಗಲೇ ನೀಲಿಗಟ್ಟಿತ್ತು. ಅವರ ಅಕ್ಕ ದ್ಯಾವೀರಮ್ಮನವರಿಗೂ ಇದೇ ಕಾಯಿಲೆ ಬಂದು, ಬೆರಳಿನ ಹುಣ್ಣು ಮಾಯದೆ, ಎಂಟು ವರ್ಷದ ಹಿಂದೆ ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಅಕ್ಕನ ಮನೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಆಟೋ ನುಗ್ಗದ ಒಂದು ಗಲ್ಲಿಯಲ್ಲಿ. ನಡುದಾರಿಯಲ್ಲಿ ನಿಲ್ಲಬೇಕಾದೀತೆಂಬ ಹೆದರಿಕೆಗೆ ಅತ್ತೆ ಮೂರು ವರ್ಷದಿಂದ ಅಲ್ಲಿಗೆ ಹೋಗಿರಲಿಲ್ಲ. ಅಕ್ಕತಂಗಿಯರ ಮಾತೆಲ್ಲ ಫೋನಿನಲ್ಲೇ. "ಅವಳ ಕಾಲು ಹೋಯ್ತು, ನಂದೂ ಹೋಗ್ತದೆ, ಬಿಡು," ಎಂದು ಅತ್ತೆ ಹೇಳುತ್ತಿದ್ದರು. ನಾವಿಬ್ಬರೂ ದಿನಕ್ಕೆ ನಾಲ್ಕು ಸಲ ಕಿತ್ತಾಡುವವರು ನಿಜ. ಹಾಗಂತ ಆ ಕಾಲನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಆ್ಯಪ್ ಮಾಡಿದೆ. ತೆರೆಯ ಮೇಲೊಂದು ದಾಸವಾಳದ ಮೊಗ್ಗು. ನಡೆಯುತ್ತ ಹೋದ ಹಾಗೆ ಎಸಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಹೆಜ್ಜೆ ನಿಂತರೆ ಎಸಳು ಮುದುಡುತ್ತದೆ. ಒಂದೇ ಉಸಿರಿಗೆ ನಲವತ್ತು ನಿಮಿಷ ನಡೆದರೆ ಹೂವು ಪೂರ್ತಿ ಅರಳಿ, ಭೇಷ್ ಎಂಬ ಅಕ್ಷರ ಮೂಡುತ್ತದೆ. ನೋವು ಬಂದರೆ ಒತ್ತಲೆಂದು ಮೂಲೆಯಲ್ಲಿ ಒಂದು ಗುಂಡಿ ಇಟ್ಟಿದ್ದೆ, ಅಷ್ಟೆ. ಡಾಕ್ಟರ್ ಹೇಳಿದ್ದನ್ನು ನಾನು ಕಿವಿಯಿಂದ ಕೇಳಿದ್ದೆ, ಬರೆದುಕೊಂಡೂ ಇದ್ದೆ. ಆದರೆ ಬಹುಮಾನ ಕೊಡುವ ಹೊತ್ತಿಗೆ ನನ್ನ ಕೈ ತಾನಾಗಿ ಹೋದದ್ದು ನಿಲ್ಲದೆ ನಡೆಯುವವರ ಕಡೆಗೆ. ನಿಂತವರಿಗೆ ಶಾಭಾಸ್ ಹೇಳುವುದುಂಟೇ? ಇಪ್ಪತ್ಮೂರು ರೋಗಿಗಳ ಫೋನಿಗೆ ಅದನ್ನು ಹಾಕಿಕೊಟ್ಟೆವು. ಹೂವು ಚೆನ್ನಾಗಿದೆ ಎಂದು ಡಾಕ್ಟರ್ ಕೂಡ ಮೆಚ್ಚಿದರು. ಆರು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ ಎಂದೇ ಹೇಳಬೇಕು. ಇಪ್ಪತ್ಮೂರು ಜನರ ಹೂವೂ ದಿನಾ ಅರಳುತ್ತಿತ್ತು. ಅತ್ತೆಯಂತೂ ಬೆಳಗಿನ ನಡಿಗೆ ಮುಗಿಸಿ ಬಂದು ಫೋನನ್ನು ಮಗನ ಮುಖಕ್ಕೆ ಹಿಡಿದು ತೋರಿಸಿಯೇ ಕಾಫಿ ಕುಡಿಯುತ್ತಿದ್ದರು.

ಆರನೇ ವಾರದ ಕೊನೆಗೆ ಎಲ್ಲರ ಲೆಕ್ಕವನ್ನೂ ಮುಂದಿಟ್ಟುಕೊಂಡು ಕೂತ ಡಾಕ್ಟರ್, ಹಾಳೆ ತಿರುವುತ್ತ ತಿರುವುತ್ತ ಮತ್ತೆ ಮೊದಲ ಹಾಳೆಗೇ ಬಂದರು. ಆಮೇಲೆ ಕೇಳಿದರು, "ಸುಗುಣ, ಇವರಲ್ಲಿ ಯಾರಿಗೂ ಒಂದು ದಿನವೂ ನೋವು ಬಂದಿಲ್ವಾ?" ಒಳ್ಳೆಯದೇ ಅಲ್ಲವೇ ಎಂದು ನಾನು ಹಲ್ಲು ಬಿಟ್ಟೆ. ಅವರು ನಗಲಿಲ್ಲ. ಮರುದಿನ ಅತ್ತೆಯನ್ನು ಕರೆಸಿ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ಜೋರಾಗಿ ಹೆಜ್ಜೆ ಹಾಕಿ ಎಂದು ನಡೆಸಿದರು. ಎಪ್ಪತ್ತೆಂಟನೇ ಹೆಜ್ಜೆಗೆ ಅತ್ತೆ ಗೋಡೆ ಹಿಡಿದುಕೊಂಡರು. ಮೊದಲಿಗಿಂತ ಎರಡು ಹೆಜ್ಜೆ ಕಡಿಮೆ. ಪಾದದಲ್ಲಿ ನೋಡಿದ ರಕ್ತದ ಒತ್ತಡ ಕೂಡ ಇಳಿದಿತ್ತು. ಇನ್ನು ಎರಡು ತಿಂಗಳು ನೋಡೋಣ, ಅಷ್ಟರಲ್ಲಿ ಕಾಲು ಸುಧಾರಿಸದೆ ಆ ಬೆರಳಿನಲ್ಲಿ ಹುಣ್ಣೆದ್ದರೆ ಆಮೇಲೆ ನನ್ನ ಕೈಯಲ್ಲೂ ಏನಿಲ್ಲ ಎಂದು ಡಾಕ್ಟರ್ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದರು.

ಮಾರನೆಯ ಬೆಳಗ್ಗೆ ನಾನು ಬಾಗಿಲ ಸಂದಿಯಿಂದ ಅತ್ತೆಯನ್ನು ನೋಡಿದೆ. ನಮ್ಮೂರಿನ ವಯಸ್ಸಾದ ಹೆಂಗಸರಿಗೆ ಒಂದು ನಡಿಗೆ ಇದೆ. ಒಂದು ಪಾದದ ಮುಂದೆ ಇನ್ನೊಂದನ್ನು ಬರೀ ಒಂದು ಅಂಗುಲ ಜರುಗಿಸುತ್ತ, ನಿಂತರು ಎನ್ನುವಂತಿಲ್ಲ, ನಡೆದರು ಎನ್ನುವಂತೆಯೂ ಇಲ್ಲ, ಹಾಗೆ ತೆವಳುತ್ತಾರೆ. ಅತ್ತೆ ಹಾಗೆ ತೆವಳುತ್ತಿದ್ದರು. ನಲವತ್ತು ನಿಮಿಷಕ್ಕೆ ಅವರು ದಾಟಿದ್ದು ನಾಲ್ಕು ಮನೆ. ನೋವು ಹತ್ತಿರ ಸುಳಿಯುವಷ್ಟು ವೇಗವೇ ಇಲ್ಲ. ಹೂವು ಮಾತ್ರ ಅಂಗೈಯಲ್ಲಿ ಅರಳಿ ಕೂತಿತ್ತು. ಉಳಿದ ಇಪ್ಪತ್ತೆರಡು ಮಂದಿಯೂ ಅದನ್ನೇ ಮಾಡುತ್ತಿದ್ದರೆಂದು ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದಾಗ ತಿಳಿಯಿತು. ಅವರದೇನೂ ತಪ್ಪಿಲ್ಲ. ನಿಲ್ಲಬೇಡಿ ಎಂದು ನಾನು ಹೇಳಿಕೊಟ್ಟೆ, ಅವರು ನಿಲ್ಲಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಕಾಲು ಉಳಿಸಲೆಂದು ಮಾಡಿದ್ದು ಆರು ವಾರ ಕಾಲನ್ನೇ ತಿಂದಿತ್ತು. 

ಆ್ಯಪನ್ನು ಬಿಚ್ಚಿ ಮತ್ತೆ ಹೊಲಿದೆ. ಈಗ ಚುರುಕಾಗಿ ನಡೆದು, ನೋವು ಬಂದು, ನಿಂತಾಗ ಮಾತ್ರ ಎಸಳು ಬಿಚ್ಚಿಕೊಳ್ಳಬೇಕು. ತೆವಳಿದರೆ ಮೊಗ್ಗು ಅಲುಗಾಡುವುದಿಲ್ಲ. ನೋವಿನ ಗುಂಡಿ ಒತ್ತಿದ ಕೂಡಲೇ ಒಂದು ದನಿ "ಸಾಕು, ನಿಲ್ಲಿ" ಎನ್ನಬೇಕು. ಆ ದನಿ ನನ್ನದೇ ಇರಲೆಂದು ಬಾಗಿಲು ಹಾಕಿಕೊಂಡು ಕೂತೆ. ಹತ್ತು ಸಲ ಪ್ರಯತ್ನಿಸಿದೆ, ಪ್ರತಿ ಸಲವೂ 'ನಿಲ್ಲಿ' ಬರುವಷ್ಟರಲ್ಲಿ ದನಿ ಕಳ್ಳಿಯ ದನಿಯ ಹಾಗೆ ಕೇಳುತ್ತಿತ್ತು. ಕೊನೆಗೆ ಶಕೀಲಾ ಡಾಕ್ಟರ್ ಬಂದು, ಇದರಲ್ಲೇನಿದೆ ಎಂದು, ಒಂದೇ ಸಲಕ್ಕೆ ಹೇಳಿ ಹೋದರು.

ಅತ್ತೆ ಒಪ್ಪಲಿಲ್ಲ. ಒಪ್ಪುತ್ತಾರೆಂದು ನಾನೂ ತಿಳಿದಿರಲಿಲ್ಲ. ನಿಂತರೆ ಬೀದಿ ಬೆಳೆಯುತ್ತೆ, ಮೂರು ಮನೆಯಾಚೆ ತುಂಬಿದ ಬಸುರಿ ಇದ್ದಾಳೆ, ಆ ತುದಿಯಲ್ಲಿ ಬೋರಲಿಂಗಯ್ಯ ಮೇಷ್ಟ್ರು ಇದ್ದಾರೆ, ಎಲ್ಲರ ಶಾಪ ತಗೊಂಡು ಕಾಲು ಇಟ್ಟುಕೊಂಡು ಏನು ಮಾಡಲಿ ಎಂದರು. ಮನೆಯೊಳಗೇ ನಡೆಯುತ್ತೇನೆ ಎಂದರು. ಒಳಗೆ ಆರು ಹೆಜ್ಜೆಗೊಂದು ಗೋಡೆ, ನಡಿಗೆ ಬಿರುಸಾಗುವಷ್ಟರಲ್ಲಿ ತಿರುಗಬೇಕು. ಆಸ್ಪತ್ರೆಯ ಪಡಸಾಲೆ ಹಗಲೆಲ್ಲ ರೋಗಿಗಳಿಂದ ಗಿಜಿಗುಡುತ್ತದೆ, ಅಲ್ಲಿ ದಿನವೂ ನಡೆಯಲು ಬಿಡುವುದಿಲ್ಲ. ಊರಾಚೆಯ ಬಯಲಿಗೆ ಹೋಗೋಣವೆಂದರೆ ದಿನವೂ ಕರೆದೊಯ್ದು ಕರೆತರುವವರು ಯಾರು? ನಾನು ಕೂಗಾಡಿದೆ, ಅವರೂ ಕೂಗಾಡಿದರು. ನಾಲ್ಕು ದಿನ ಹೀಗೇ ಕಳೆಯಿತು. ಐದನೆಯ ದಿನ ಅವರು ಸ್ನಾನ ಮಾಡಿ ಬಂದು, ಬಚ್ಚಲಲ್ಲಿ ಕಿರುಬೆರಳಿಗೆ ಬಿಸಿನೀರು ಹಾಕಿಕೊಂಡದ್ದೇ ಗೊತ್ತಾಗಲಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದರು. ಅವತ್ತು ಸಂಜೆ ತಾವಾಗಿಯೇ ಚಪ್ಪಲಿ ಮೆಟ್ಟಿದರು.

ನಾನೂ ಜೊತೆಗೆ ಹೊರಟೆ. ಹಸಿರು ಬಾಗಿಲಿನ ಮನೆ ನಮ್ಮಿಂದ ಎಪ್ಪತ್ತೆಂಟು ಹೆಜ್ಜೆ. ಅದರ ಮುಂದೆ ಬರುವಷ್ಟರಲ್ಲಿ ಅತ್ತೆಯ ಮುಖ ಕಿವುಚಿತು, ಗುಂಡಿ ಒತ್ತಿದರು, ಡಾಕ್ಟರ ದನಿ ನಿಲ್ಲಿ ಎಂದಿತು. ಅತ್ತೆ ನಿಂತರು. ನಾನು ನಿಲ್ಲಲಿಲ್ಲ. ಇಬ್ಬರು ನಿಂತು ಎರಡು ಮಾರು ಬೆಳೆಸುವುದು ಬೇಡವೆಂದು ಅವರ ಸುತ್ತ ಗಿರಗಿರ ಸುತ್ತುತ್ತಿದ್ದೆ. ಎರಡನೇ ಉಸಿರಿಗೆ ನೆಲ ಮೆಲ್ಲಗೆ ಜಗ್ಗಿತು, ಹಸಿರು ಬಾಗಿಲು ಅಷ್ಟು ದೂರ ಸರಿಯಿತು. ಒಳಗೆ ಪಾತ್ರೆ ಉರುಳಿದ ಸದ್ದಾಯಿತು. ಕಿಟಕಿಯಲ್ಲಿ ಎರಡು ಮುಖ ಮೂಡಿದವು. ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ನೋವು ಇಳಿಯುವವರೆಗೂ ತಲೆ ತಗ್ಗಿಸಿ ನಿಂತಿದ್ದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಕಾಲುನೋವಿಗಲ್ಲ ಎಂದು ನನಗೆ ಗೊತ್ತಿತ್ತು.

ದಿನಕ್ಕೆ ಆರೇಳು ಸಲ ನಿಲ್ಲುವುದು, ವಾರಕ್ಕೆ ಐದು ದಿನ. ಬೀದಿ ಹಿಗ್ಗಿತು. ಬೇರೆ ಬೀದಿಗಳಲ್ಲಿ ಉಳಿದ ಇಪ್ಪತ್ತೆರಡು ಜನರೂ ಒಬ್ಬೊಬ್ಬರಾಗಿ ನಿಲ್ಲತೊಡಗಿದರು, ಅಲ್ಲೂ ಹಿಗ್ಗಿತು. ಮನೆಮನೆಯ ನಡುವೆ ಬಿಟ್ಟ ಸಂದಿನಲ್ಲಿ ಕೆಲವರು ಅವರೆ ಬಿತ್ತಿದರು, ದಂಟಿನ ಸೊಪ್ಪು ಹಾಕಿದರು. ಲೈಟಿನ ತಂತಿಗೆ ತುಂಡು ಸೇರಿಸಿ ಸೇರಿಸಿ ಲೈನ್‌ಮನ್ ನನ್ನನ್ನು ಕಂಡರೆ ಮುಖ ತಿರುಗಿಸುವ ಹಾಗಾಯಿತು. ಜನ ಕೆಟ್ಟವರಲ್ಲ. ಚೆನ್ನಾಜಮ್ಮನ ಕಾಲು ಹೇಗಿದೆ ಎಂದು ಎಲ್ಲರೂ ಕೇಳುವವರೇ, ಕೇಳಿದ ಬಾಯಲ್ಲೇ ಇವತ್ತು ಎಷ್ಟು ಸಲ ನಿಂತರು ಎಂದೂ ಕೇಳುತ್ತಿದ್ದರು. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಬಸುರಿ ಹುಡುಗಿಯನ್ನು ಅವಳ ತಾಯಿ ಎರಡು ವಾರ ಮುಂಚೆಯೇ ಕರೆದುಕೊಂಡು ಹೋದಳು. ಬೀದಿಯ ಕೊನೆಯ ಮನೆಯ ಬೋರಲಿಂಗಯ್ಯ ಮೇಷ್ಟ್ರು ಒಂದು ಭಾನುವಾರ ಟೇಪು ಹಿಡಿದು ಬಂದು, ತಮ್ಮ ಬಾಗಿಲಿನಿಂದ ನಮ್ಮ ಬಾಗಿಲಿನವರೆಗೆ ಅಳೆದು, ಒಳಗೆ ಬಂದು ಕೂತರು. ಹಿಂಗೇ ಆದ್ರೆ ನನ್ನ ಮನೆ ಪಕ್ಕದೂರಿಗೆ ಸೇರ್ತದೆ, ಅಲ್ಲಿಯ ಪಂಚಾಯ್ತಿಗೇ ಕಂದಾಯ ಕಟ್ಟಬೇಕು ಎಂದರು. ನಗುವ ಮಾತೇ, ಆದರೆ ಅವರು ನಗುತ್ತಿರಲಿಲ್ಲ. ಅತ್ತೆ ಅಡಿಗೆಮನೆಯಿಂದ ಹೊರಗೇ ಬರಲಿಲ್ಲ. ಮಾರನೆಯ ದಿನ ನಡೆಯಲು ಹೋಗದೆ ಮಲಗಿಬಿಟ್ಟರು. ಅವರನ್ನು ಎಬ್ಬಿಸಲು ನನಗೆ ಮೂರು ದಿನ ಹಿಡಿಯಿತು.

ನಿಜವಾದ ದಿಗಿಲು ಬಂದದ್ದು ಏಳನೆಯ ವಾರ. ಡಾಕ್ಟರ್ ಕೊಟ್ಟ ಎರಡು ತಿಂಗಳಿಗೆ ಇನ್ನೊಂದೇ ವಾರ ಉಳಿದಿತ್ತು. ಅತ್ತೆ ನಡಿಗೆಯಿಂದ ಬಂದವರು ಚಪ್ಪಲಿ ಬಿಡದೆ ಹೊಸಿಲ ಮೇಲೇ ಕುಸಿದು ಕೂತರು. "ಇವತ್ತೂ ಹಸುರು ಬಾಗಿಲೇ ಕಣೇ. ಮೊದಲ ದಿನಾನೂ ಅಲ್ಲೇ ನಿಂತಿದ್ದೆ, ಇವತ್ತೂ ಅಲ್ಲೇ ನಿಂತೆ. ಊರೋರ ಬಾಯಿಗೆ ಬಿದ್ದಿದ್ದೊಂದೇ ಬಂತು," ಎಂದರು.  ದಿನಾ ಜೊತೆಯಲ್ಲಿ ಹೋಗುತ್ತಿದ್ದ ನಾನೂ ಬಾಗಿಲನ್ನೇ ನೋಡುತ್ತಿದ್ದೆ, ಹೆಜ್ಜೆ ಎಣಿಸಿರಲಿಲ್ಲ, ಲೆಕ್ಕ ತೆಗೆದು ನೋಡಿಯೂ ಇರಲಿಲ್ಲ. ಫೋನು ಕಿತ್ತುಕೊಂಡು ಲೆಕ್ಕ ತೆಗೆದೆ. ಮೊದಲ ನಿಲುಗಡೆಗೆ ಮುನ್ನ ನಡೆದದ್ದು ಇನ್ನೂರ ಅರವತ್ತಾರು ಹೆಜ್ಜೆ. ಇನ್ನೊಮ್ಮೆ ನೋಡಿದೆ. ಅವರು ಹೋಗುವಾಗ ಬರುವಾಗ ಅಲ್ಲಲ್ಲೇ ನಿಂತು ನಿಂತು ಆ ಬಾಗಿಲನ್ನು ದಿನದಿನಕ್ಕೂ ಅಷ್ಟಷ್ಟು ದೂರ ತಳ್ಳಿದ್ದರು. ಕಾಲು ಎಷ್ಟು ಗಟ್ಟಿಯಾಯಿತೋ ಬೀದಿಯೂ ಅಷ್ಟು ಉದ್ದವಾಗಿತ್ತು. ಸಂತೋಷದಿಂದ ಇದನ್ನೆಲ್ಲ ಬಡಬಡಿಸಿ ಫೋನನ್ನು ಅವರ ಮುಂದೆ ಹಿಡಿದೆ. ಅವರು ಅದರ ಕಡೆ ನೋಡಲೂ ಇಲ್ಲ. "ನಿನ್ನ ಹೂವ ಒಂದ್ಸಲ ಆರು ವಾರ ನಂಗೆ ಸುಳ್ಳು ಹೇಳೈತೆ. ಇದನ್ನ ಹೆಂಗೆ ನಂಬ್ಲಿ?" ಎಂದರು. ನಾನು ಫೋನನ್ನು ಕೆಳಗಿಟ್ಟೆ. 

ಅತ್ತೆ ಚಪ್ಪಲಿ ಬಿಚ್ಚಿಟ್ಟು, ಅಕ್ಕನ ಗಲ್ಲಿಗೆ ಹೋಗೋಣ ಎಂದರು. ಆ ಗಲ್ಲಿಯಲ್ಲಿ ಯಾರೂ ನಿಂತಿದ್ದಿಲ್ಲ. ಅಲ್ಲಿನವರು ನಿಯಮದಲ್ಲಿ ಬಲು ಬಿಗಿ. ಹಾಗಾಗಿ ಅದು ಅತ್ತೆಗೆ ಗೊತ್ತಿದ್ದ ಕಾಲದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇರಬೇಕು, ಗಲ್ಲಿಯ ಬಾಯಿಂದ ಅಕ್ಕನ ಬಾಗಿಲಿಗೆ ಇನ್ನೂರ ನಲವತ್ತು ಹೆಜ್ಜೆ. ಮೂರು ವರ್ಷದ ಹಿಂದೆ ಕೊನೆಯ ಸಲ ಹೋದಾಗ ಅದರ ಅರ್ಧವನ್ನೂ ತಲುಪಲಾಗದೆ ತೆವಳುತ್ತ ವಾಪಸು ಬಂದಿದ್ದರಂತೆ. ಈ ಸಂಗತಿ ನನಗೆ ಅವತ್ತೇ ಗೊತ್ತಾದದ್ದು. ಫೋನು ಮನೆಯಲ್ಲೇ ಇರಲಿ, ಅದರ ಸಾಕ್ಷಿ ನನಗೆ ಬೇಡ ಎಂದರು. ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಆಟೋ ಹತ್ತಿದೆವು.

ಗಲ್ಲಿಯ ಬಾಯಲ್ಲಿ ಇಳಿದು ಅತ್ತೆ ನೇರವಾಗಿ ಹೆಜ್ಜೆ ಹಾಕಿದರು. ತೆವಳಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ, ಬಾಯೊಳಗೇ ಎಣಿಸುತ್ತ. ಎಂಬತ್ತು ದಾಟಿತು. ನೂರಕ್ಕೆ ನಾನು ಉಸಿರು ಬಿಟ್ಟೆ. ನೂರ ಐವತ್ತಕ್ಕೆ ಎದುರಿನಿಂದ ಬಂದ ಯಾರೋ ಹೆಂಗಸು, ಏನು ಚೆನ್ನಕ್ಕ ಇತ್ತೀಚೆಗೆ ಕಾಣಲೇ ಇಲ್ಲ ಎಂದು ಕೇಳುತ್ತ ದಾಟಿಹೋದಳು. ಅತ್ತೆ ತಲೆಯಾಡಿಸಿ ಮುಂದೆ ನಡೆದರು. ಇನ್ನೂರಕ್ಕೆ ಅವರ ಎಡಗಾಲು ಸ್ವಲ್ಪ ಎಳೆಯತೊಡಗಿತು, ಕುತ್ತಿಗೆಯ ನರ ಬಿಗಿಯಿತು. ನಿಂತುಬಿಡಿ ಎಂದು ಹೇಳಲೋ ಬೇಡವೋ ತಿಳಿಯದೆ ನಾನು ಸೆರಗು ಕಚ್ಚಿಕೊಂಡೆ. ಇನ್ನೂರ ಹತ್ತು, ಇನ್ನೂರ ಇಪ್ಪತ್ತು. ಇನ್ನೂರ ಮೂವತ್ತೊಂಬತ್ತಕ್ಕೆ ಅವರ ಕೈ ಅಕ್ಕನ ಮನೆಯ ಬಾಗಿಲಿಗೆ ತಾಗಿತು. ಕಾಲು ಉಳಿಯಿತು. ಮುಂದಿನ ಸೋಮವಾರ ಡಾಕ್ಟರ್ ಒತ್ತಡ ನೋಡಿ, ಪಡಸಾಲೆಯಲ್ಲಿ ನಡೆಸಿ, ಅದೇ ಮಾತನ್ನು ಹೇಳಿದರು. ನನಗೆ ಮಾತ್ರ ಅದು ತಿಳಿದದ್ದು ಆ ಬಾಗಿಲ ಮುಂದೆ. 

ದ್ಯಾವೀರಮ್ಮನವರು ನಡುಮನೆಯ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ತಂಗಿಯನ್ನು ಕಂಡು ಪಕ್ಕಕ್ಕೆ ಸರಿದು ಮಂಚದ ಮೇಲೆ ಜಾಗ ಮಾಡಿದರು. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡು ಅತ್ತರು, ನಕ್ಕರು, ಮೂರು ವರ್ಷದ ಬೈಗುಳವನ್ನು ಒಟ್ಟಿಗೆ ಬೈದುಕೊಂಡರು. ಹೇಗೆ ಬಂದೆ, ಕಾಲು ಹೇಗೆ ಬಂತು ಎಂದು ಅವರು ಕೇಳಿದಾಗ ಅತ್ತೆ ಎಲ್ಲವನ್ನೂ ಬಿಡಿಸಿ ಹೇಳಿದರು: ನೋವು ಬರುವ ತನಕ ನಡೆಯೋದು, ಬಂದಾಗ ನಿಲ್ಲೋದು, ನಿಂತರೆ ಇಳಿಯುತ್ತೆ, ಮತ್ತೆ ನಡೆಯೋದು, ಇಷ್ಟೇ ಮದ್ದು ಎಂದು. ದ್ಯಾವೀರಮ್ಮನವರ ಕೈಯಲ್ಲಿನ ಬತ್ತಿ ಹಾಗೇ ಉಳಿಯಿತು. ಅವರು ಮಡಿಲ ಮೇಲಿನ ಸೀರೆಯನ್ನು, ಕಾಲು ಇಲ್ಲದ ಕಡೆ, ಅಂಗೈಯಿಂದ ಸವರಿ ಸರಿಮಾಡಿಕೊಂಡರು.

"ನಿಲ್ಲಬೋದು ಅಂತ ನಂಗೆ ಯಾರೂ ಹೇಳ್ಲಿಲ್ಲ," ಎಂದರು.

 ನಾನು ನೆಲ ನೋಡುತ್ತಿದ್ದೆ. ಎಂಟು ವರ್ಷದ ಹಿಂದೆ, ಅವರ ಹುಣ್ಣಿಗೆ ಪಟ್ಟಿ ಕಟ್ಟಿಸಲು ದಿನ ಬಿಟ್ಟು ದಿನ ಅವರನ್ನು ಈ ಗಲ್ಲಿಯಲ್ಲಿ ಆಟೋದವರೆಗೆ ನಡೆಸಿಕೊಂಡು ಹೋಗುತ್ತಿದ್ದವಳು ನಾನು. ಅವರು ನರಳುತ್ತ ಕಾಲು ತಡೆದಾಗಲೆಲ್ಲ ತೋಳು ಹಿಡಿದೆಳೆದು, ಇನ್ನು ಹತ್ತೇ ಹೆಜ್ಜೆ ದೊಡ್ಡತ್ತೆ, ನಿಂತುಬಿಡಬೇಡಿ, ಜನ ನೋಡ್ತಾರೆ ಎಂದು ಹೇಳುತ್ತಿದ್ದವಳೂ ನಾನೇ. ಅದು ಅವರಿಗೆ ನೆನಪಿರಬಾರದೆಂದು ಆ ಹೊತ್ತಿನಲ್ಲಿ ನಾನು ಕಾಣದ ದೇವರಿಗೆಲ್ಲ ಹರಕೆ ಹೊತ್ತೆ.

ಅವರು ನನ್ನ ಕಡೆ ತಿರುಗಿದರು. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. "ಆವಾಗ ನೀನೊಬ್ಳೇ ಕಣವ್ವ ಸುಗುಣ, ನನ್ನ ತೋಳು ಹಿಡ್ದು ನಡ್ಸಿದ್ದು. ಮಕ್ಕಳು ಕೂಡ ಬರ್ಲಿಲ್ಲ. ಅದನ್ನ ನಾನು ಸಾಯೋಗಂಟ ಮರೆಯಲ್ಲ," ಎಂದರು. ಮನಸಾರೆ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅವರ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ನಿಜವನ್ನು ಹೇಳಲೂ ಇಲ್ಲ. ಅಡಿಗೆಮನೆಯಿಂದ ಅವರ ಸೊಸೆ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದಳು.